ಕರೆಂಟು ಹೋದ ಮೇಲಿನ ಮಾತು

ಮೈಲೂರ, ಬೀದರ
ಮಂಗಳವಾರ, ೧೯ ನವೆಂಬರ್ ೨೦೨೪

ಪ್ರೀತಿಯ ಅತ್ತೆ ರಾಹೇಲಮ್ಮನವರಿಗೆ,

ನಿಮ್ಮ ಕಿರಿಯ ಸೊಸೆ ಸುಸನ್ನಾ ಮಾಡುವ ವಂದನೆಗಳು. ಕರ್ತನ ಕೃಪೆಯಿಂದ ಇಲ್ಲಿ ನಾವು ಮೂವರೂ ಮೈಯಲ್ಲಿ ಚೆನ್ನಾಗಿದ್ದೇವೆ. ಮನಸ್ಸಿನಲ್ಲಿ ಚೆನ್ನಾಗಿಲ್ಲ. ಅದಕ್ಕೇ ಈ ಪತ್ರ.

ಫೋನಿರುವಾಗ ಇವಳೇಕೆ ಪತ್ರ ಬರೆಯುತ್ತಾಳೆ ಎನ್ನಬೇಡಿರಿ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ. ಥಾಮಸ ಭಾವನವರು ನಡುವೆ ನಿಂತು ನನ್ನ ಮಾತನ್ನು ನಿಮಗೆ, ನಿಮ್ಮ ಮಾತನ್ನು ನನಗೆ ದಾಟಿಸುತ್ತಾರೆ. ದಾಟುವಾಗ ಯಾವ ಮಾತು ಯಾರದು ಎನ್ನುವುದೇ ತಿಳಿಯದಂತಾಗುತ್ತದೆ. ಪತ್ರಕ್ಕಾದರೆ ನಮ್ಮ ಮನೆಯಲ್ಲಿ ರೂಢಿಯೊಂದಿದೆ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ, ಯಾರೂ ಚಾಪೆಯಿಂದ ಏಳುವ ಮೊದಲು, ಬಂದ ಪತ್ರವನ್ನು ಗಟ್ಟಿಯಾಗಿ ಪೂರ್ತಿ ಓದಬೇಕು. ಮಾವನವರು ಸೊಲ್ಲಾಪುರದ ಗಿರಣಿಯಲ್ಲಿದ್ದಾಗ ನೀವೇ ಮಾಡಿದ ಕಾನೂನು ಇದು. ನಿಮಗೆ ಅಕ್ಷರ ಬಾರದಿದ್ದರೂ, ಓದುವವರು ಒಂದು ಸಾಲು ಹಾರಿಸಿದರೆ ಅವರ ದನಿ ಮುಗ್ಗರಿಸಿದ್ದರಿಂದಲೇ ಹಿಡಿಯುತ್ತಿದ್ದಿರಿ. "ದೇವಾಲಯದಾಗ ಅಪೊಸ್ತಲರ ಪತ್ರಿಕಿ ಓದಾಗ ನಡುವ ಬಿಡ್ತಾರೇನು? ಮೊದಲಿಂದ ಓದು" ಎನ್ನುತ್ತಿದ್ದಿರಿ.

ಭಾವನವರೆ, ಇದನ್ನು ಓದುತ್ತಿರುವವರು ನೀವೇ ಎಂದು ನನಗೆ ಗೊತ್ತು. ನಿಮಗೂ ನನ್ನ ವಂದನೆಗಳು. ಮುಂದೆ ನಿಮ್ಮ ಹೆಸರು ಬರುತ್ತದೆ, ಚೆನ್ನಾಗಿ ಬರುವುದಿಲ್ಲ. ನಿಲ್ಲಿಸದೆ ಓದಿರಿ.

ಅತ್ತೆ, ನಿಮ್ಮ ಮೊಮ್ಮಗಳು ಜಾಯ್ಸ ಕಾಲೇಜಿನ ಕಬಡ್ಡಿ ತಂಡದಲ್ಲಿ ಆಡುತ್ತಿರುವುದು ನಿಮಗೆ ಗೊತ್ತೇ ಇದೆ. ಕಳೆದ ಗುರುವಾರ ಇವರ ತಂಡ ಗೆದ್ದು ಫೈನಲಿಗೆ ಬಂತು. ಕೊನೆಯ ದಾಳಿಗೆ ಹೋಗಿದ್ದವಳು ನಮ್ಮ ಜಾಯ್ಸಳೇ. ಎದುರಿನವರು ಕಾಲು ಹಿಡಿದು ಮಲಗಿಸಿದರೂ ಉಸಿರು ಬಿಡದೆ ತೆವಳಿ ಬಂದು ನಡುಗೆರೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ನಾನು ದವಾಖಾನೆಯ ಡ್ಯೂಟಿ ಸೀರೆಯಲ್ಲೇ ಓಡಿ ಹೋಗಿದ್ದೆ. ಕೂಗಿ ಕೂಗಿ ನನ್ನ ಗಂಟಲು ಇನ್ನೂ ಸರಿಯಾಗಿಲ್ಲ. ಫೈನಲಿನಲ್ಲಿ ಚೆನ್ನಾಗಿ ಆಡಿದವರನ್ನು ರಾಜ್ಯದ ತಂಡಕ್ಕೆ ಆರಿಸುತ್ತಾರೆ. ಅದು ಬರುವ ಭಾನುವಾರ ಬೆಳಿಗ್ಗೆ ಇಲ್ಲೇ ಬೀದರದ ಕ್ರೀಡಾಂಗಣದಲ್ಲಿದೆ.

ಭಾನುವಾರ. ಗಂಟು ಬಿದ್ದದ್ದು ಇಲ್ಲೇ.

ಶುಕ್ರವಾರ ಭಾವನವರು ಫೋನು ಮಾಡಿದರು. ಅವರು ಮಾತಾಡಿದರೆ ಪಕ್ಕದ ಮನೆಗೂ ಕೇಳಿಸುತ್ತದೆ, ಜಾಯ್ಸಳಂತೂ ಅಲ್ಲೇ ತಟ್ಟೆಯ ಮುಂದೆ ಕುಳಿತಿದ್ದಳು. ಅವರು ಹೇಳಿದ್ದನ್ನು ಅವರ ಬಾಯಿಂದಲೇ ಓದಿಸುತ್ತಿದ್ದೇನೆ: "ಅವ್ವ ಹೇಳ್ಯಾಳ, ಕರ್ತನ ದಿನ ಚಡ್ಡಿ ಹಾಕ್ಕೊಂಡು ಅಂಕಣಕ್ಕ ಇಳಿಯೋ ಹುಡುಗಿ ನನ್ನ ಮೊಮ್ಮಗಳಲ್ಲ ಅಂತ. ಸಭಾದಾಗ ನಾ ಹಿರ್ಯಾ ಇದ್ದೇನಿ, ಮಂದಿಗೆ ಏನಂತ ಮಾರಿ ತೋರಿಸ್ಲಿ?"

ಜಾಯ್ಸ ಕೈ ತೊಳೆದಳು. ಬೂಟುಗಳನ್ನು ಚೀಲಕ್ಕೆ ಹಾಕಿ, ಸ್ಟೂಲು ಹತ್ತಿ, ಕಪಾಟಿನ ಮೇಲೆ ಹಳೆಯ ಹಾಸಿಗೆಯ ಹಿಂದೆ ಒತ್ತಿಟ್ಟಳು. "ಆಯಿ ಬ್ಯಾಡ ಅಂದಿದ್ದರ ನಾ ಆಡಂಗಿಲ್ಲ ಮಮ್ಮಿ" ಎಂದಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ನಿಮ್ಮ ಮಗ ಬೆನ್ನಿಯವರಿಗೆ ಅಣ್ಣನ ಫೋನು ಬಂದರೆ ಸಾಕು, ಮೊಸರು ತರುವುದು ನೆನಪಾಗುತ್ತದೆ. ಅವತ್ತೂ ಮೊಸರಿಗೆ ಹೋದವರು ಕತ್ತಲಾದ ಮೇಲೆ ಬಂದರು, ಮೊಸರು ತಂದಿರಲಿಲ್ಲ.

ಅತ್ತೆ, ಬೇರೆ ಯಾರು ಬೇಡ ಎಂದಿದ್ದರೂ ಆ ಹುಡುಗಿ ಹಟ ಹಿಡಿಯುತ್ತಿದ್ದಳು. ಭಾವನವರು ತಾವೇ ಬೇಡ ಎಂದಿದ್ದರೆ ಇನ್ನೆರಡು ಸಲ ಜಾಸ್ತಿ ಆಡುತ್ತಿದ್ದಳು. ನಿಮ್ಮ ಹೆಸರು ಬಂದಾಗ ಕುಸಿದಳು. ಮದುವೆಯಾಗಿ ಎಷ್ಟೋ ವರ್ಷ ನನ್ನ ಮಡಿಲು ಖಾಲಿ ಇದ್ದಾಗ, ಓಣಿಯವರ ಬಾಯಿಗೆ ಸಿಕ್ಕು ನಾನು ನೀರು ತರಲೂ ಹೊರಗೆ ಹೋಗದಿದ್ದಾಗ, ನೀವು ನನ್ನ ಕೊಡವನ್ನು ಸೊಂಟದ ಮೇಲಿಟ್ಟುಕೊಂಡು ನಲ್ಲಿಗೆ ಹೋಗುತ್ತಿದ್ದಿರಿ. ಆಮೇಲೆ ಕರ್ತನು ಕೊಟ್ಟ ಈ ಒಂದೇ ಕೂಸಿಗೆ ಹೆಸರಿಟ್ಟವರೂ ನೀವೇ. ನೀವೇ 'ನನ್ನವಳಲ್ಲ' ಎಂದರೆ ಆಕೆ ಯಾರವಳಾಗಿ ಆಡಬೇಕು?

ಈಗ ನಾನು ಮಾಡಿದ ಉಪಾಯ ಹೇಳುತ್ತೇನೆ.

ನೀವು ಔರಾದಕ್ಕೆ ಹೋಗುವ ಮೊದಲು, ನಾವೆಲ್ಲ ಭಾಲ್ಕಿಯಲ್ಲಿ ಒಟ್ಟಿಗೆ ಇದ್ದಾಗ ಟೀವಿಯಲ್ಲಿ 'ನಡುಗೆರೆ' ಎಂಬ ಧಾರಾವಾಹಿ ಬರುತ್ತಿತ್ತು, ನೆನಪಿದೆಯೆ? ಹಳ್ಳಿಯ ಹುಡುಗಿಯರು ಕಬಡ್ಡಿ ತಂಡ ಕಟ್ಟುವ ಕಥೆ. ಎರಡು ಜಡೆಗೆ ಕೆಂಪು ರಿಬ್ಬನ್ನು ಕಟ್ಟಿಕೊಂಡ ನೀಲಾ ಎಂಬ ಹುಡುಗಿ ಅದರಲ್ಲಿ ನಾಯಕಿ. ನಮಗೆ ಟೀವಿ ಇರಲಿಲ್ಲ. ಪಕ್ಕದ ಕಸ್ತೂರಿಬಾಯಿಯವರ ಮನೆಯಲ್ಲಿ ಅವರ ಯಜಮಾನರು ಶಿವರಾಜಪ್ಪನವರ ಲಿಂಗಪೂಜೆ ಮುಗಿಯುವುದನ್ನೇ ಕಾದು, ಓಣಿಯ ಹೆಂಗಸರೆಲ್ಲ ಜೋಳ ಕೇರುವ ಮೊರವನ್ನೂ ಹಿಡಿದುಕೊಂಡು ಹೋಗಿ ಕೂಡುತ್ತಿದ್ದೆವು.

ಅದರ ಮೊದಲ ಕಂತು ನನ್ನ ಎದೆಯಲ್ಲಿ ಕೊರೆದಿಟ್ಟ ಹಾಗಿತ್ತು. ನೀಲಾ ಬೇವಿನ ಮರದ ಕೆಳಗೆ ಆಡುತ್ತಿರುತ್ತಾಳೆ. ಅವಳಪ್ಪ ಸೈಕಲ್ಲಿನಲ್ಲಿ ಬಂದು, ಆಟ ಬಿಟ್ಟು ಮನೆಗೆ ನಡಿ ಎನ್ನುತ್ತಾನೆ. ಆಗ ಅವಳು ನಡುಗೆರೆಯ ಮೇಲೆ ನಿಂತು, ಮಂಡಿಯ ಮಣ್ಣನ್ನೂ ಒರೆಸಿಕೊಳ್ಳದೆ ಹೇಳುತ್ತಾಳೆ: "ಬರ್ತೇನಪ್ಪಾ. ಆದರ ಆಟ ಮುಗಿಸಿ ಬರ್ತೇನಿ. ನಡುವ ಬಿಟ್ಟು ಬಂದರ ನಿನ್ನ ಮನಿಗೆ ಸೋತ ಮಗಳು ಬರ್ತಾಳ. ಮುಗಿಸಿ ಬಂದರ ನಿನ್ನ ಮಗಳೇ ಬರ್ತಾಳ."

ಸಾಯಗಾಂವದ ಸಾಲೆಯಲ್ಲಿ ಏಳನೆಯ ಇಯತ್ತೆಗೆ ಓದು ನಿಂತ ನನಗೆ ಇಂಥ ಮಾತು ಸ್ವಂತವಾಗಿ ಹುಟ್ಟುತ್ತಿರಲಿಲ್ಲ. ಕೇಳಿದ್ದನ್ನು ಭದ್ರವಾಗಿ ಇಟ್ಟುಕೊಂಡೆ. ಬೇಗ ಉಪಯೋಗಕ್ಕೂ ಬಂತು. ನಾನು ಬೀದರದ ದವಾಖಾನೆಯೊಂದರಲ್ಲಿ ಆಯಾ ಕೆಲಸ ಕಲಿಯಲು ಸೇರಿದ್ದೆ. ಕಲಿಕೆ ಇನ್ನೂ ಅರ್ಧವಾಗಿತ್ತು. ಭಾವನವರು ಲೂನಾ ಹತ್ತಿ ಬಂದು, ದವಾಖಾನೆಯ ಬಾಗಿಲಲ್ಲಿ ಎಲ್ಲರೆದುರು, "ನಮ್ಮನಿ ಸೊಸಿ ಮಂದಿ ಹೇಲು ಬಳಿಯೋದು ಬ್ಯಾಡ, ನಡಿ ಮನಿಗೆ" ಎಂದರು. ನನ್ನ ಕೈಯಲ್ಲಿ ಬೇಸಿನ್ನು ಇತ್ತು. ಕೆಳಗಿಡಲಿಲ್ಲ. "ಬರ್ತೇನ್ರಿ ಭಾವ. ಆದರ ಮುಗಿಸಿ ಬರ್ತೇನಿ. ನಡುವ ಬಿಟ್ಟು ಬಂದರ ನಿಮ್ಮ ಮನಿಗೆ ಸೋತ ಸೊಸಿ ಬರ್ತಾಳ. ಮುಗಿಸಿ ಬಂದರ ನಿಮ್ಮ ಸೊಸಿನೇ ಬರ್ತಾಳ" ಎಂದೆ. ಭಾವನವರು ಲೂನಾ ತಿರುಗಿಸಿದರು. ಲೂನಾ ಶುರುವಾಗಲಿಲ್ಲ, ತುಳಿದುಕೊಂಡೇ ಹೋದರು.

ನಾನು ರಜೆಗೆ ಊರಿಗೆ ಬಂದಾಗ ಅವರು ನಿಮ್ಮೆದುರು ದೂರಿದರು. "ಸೀರಿಯಲ್ ನೋಡಿ ನೋಡಿ ಮನಿ ಹೆಣ್ಮಕ್ಕಳು ಕೆಟ್ಟು ಹೋದ್ರು. ಟೀವ್ಯಾಗಿನ ಮಾತು ತಂದು ನನಗ ಒಗೀತಾಳ" ಎಂದು ಆ ಮಾತನ್ನು ಅಕ್ಷರ ಬಿಡದೆ ಹೇಳಿದರು. ನೀವು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಿರಿ. ನಾನು ಹಲ್ಲುನೋವು ಎಂದುಕೊಂಡೆ. ದವಾಖಾನೆಯಿಂದ ಗುಳಿಗೆ ತರಲೇನ್ರಿ ಎಂದೂ ಕೇಳಿದೆ.

ಅಂಥ ಮಾತು ನನ್ನ ಮಗಳಿಗೂ ಕೇಳಿಸಿದರೆ ಬೂಟು ತಾನಾಗಿ ಕೆಳಗೆ ಇಳಿಯುತ್ತದೆ ಎಂದುಕೊಂಡೆ. ಯಾರೋ ಪುಣ್ಯಾತ್ಮರು ಆ ಹಳೆಯ ಧಾರಾವಾಹಿಯನ್ನು ಯೂಟ್ಯೂಬಿಗೆ ಹಾಕಿದ್ದಾರೆ. ಮೊನ್ನೆ ಭಾನುವಾರ, ಆರಾಧನೆ ಮುಗಿಸಿ ಬಂದು, ಊಟವಾದ ಮೇಲೆ ನೋಡಿದೆವು. ಕರ್ತನ ದಿನವೇ ನೋಡಿದೆವು ಭಾವನವರೆ, ಬರೆದುಕೊಳ್ಳಿರಿ. ಹಿಟ್ಟಿನ ಡಬ್ಬಕ್ಕೆ ಫೋನು ಆನಿಸಿಟ್ಟು ಮೂವರೂ ಕುಳಿತೆವು. ಚಿತ್ರ ಮಾಸಿತ್ತು. ಹಾಡು ಶುರುವಾದಾಗ ನನ್ನ ಕಾಲು ತಾನೇ ತಾಳ ಹಾಕಿತು. ಅದೇ ಬೇವಿನ ಮರ, ಅದೇ ಕೆಂಪು ರಿಬ್ಬನ್ನು. ಅಪ್ಪ ಸೈಕಲ್ಲಿನಲ್ಲಿ ಬಂದ. "ಈಗ ನೋಡು, ಈಗ ಆಕಿ ಏನಂತಾಳ ನೋಡು" ಎಂದು ನಾನು ಜಾಯ್ಸಳ ತೊಡೆ ಹಿಡಿದು ಅಲುಗಾಡಿಸಿದೆ.

ನೀಲಾ ಏನೂ ಅನ್ನಲಿಲ್ಲ, ಅತ್ತೆ. ತಲೆ ತಗ್ಗಿಸಿದಳು. ಚಪ್ಪಲಿ ಮೆಟ್ಟಿದಳು. ಸೈಕಲ್ಲಿನ ಹಿಂದೆ ಹತ್ತಿ ಕುಳಿತು ಹೋಗಿಬಿಟ್ಟಳು. ಧೂಳಿನಲ್ಲಿ ಸೈಕಲ್ಲು ಸಣ್ಣದಾಗುತ್ತ ಹೋಯಿತು. ಕಂತು ಮುಗಿಯಿತು.

ಜಾಯ್ಸ ನನ್ನ ಮುಖ ನೋಡಿದಳು. "ನೋಡು ಮಮ್ಮಿ, ಆಕಿನೂ ಹೋದಳು" ಎಂದು ಎದ್ದು ಒಳಗೆ ಹೋದಳು.

ನಾನು ಹಿಂದಕ್ಕೆ ಎಳೆದು ಮತ್ತೆ ಮತ್ತೆ ನೋಡಿದೆ. ಯೂಟ್ಯೂಬಿನವರು ಕತ್ತರಿಸಿದ್ದಾರೆ ಎಂದು ಬೈದೆ. ನಿಮ್ಮ ಮಗ, "ಅವರು ಕತ್ತರಿಸಿಲ್ಲಬೇ, ನಿನ್ನ ತಲ್ಯಾಗ ಯಾರೋ ತ್ಯಾಪಿ ಹಚ್ಯಾರ" ಎಂದರು. ಮುಂದಿನ ಕಂತುಗಳನ್ನೂ ನೋಡಿದೆ. ನೀಲಾ ಕದ್ದು ಹೋಗಿ ಆಡುತ್ತಾಳೆ, ಅಳುತ್ತಾಳೆ, ಪೆಟ್ಟು ತಿನ್ನುತ್ತಾಳೆ. ಆ ಮಾತು ಮಾತ್ರ ಎಲ್ಲಿಯೂ ಇಲ್ಲ. ಯಾವ ಮಾತಿನ ಮೇಲೆ ಬದುಕು ನಿಲ್ಲಿಸಿದ್ದೆನೋ ಅದನ್ನು ಹೇಳಿದ ಬಾಯಿಯೇ ಇಲ್ಲ ಎಂದರೆ ಹೇಗಾಗಿರಬೇಡ! ಆ ರಾತ್ರಿ ಪ್ರಾರ್ಥನೆಗೆ ಮೊಣಕಾಲೂರಿದರೂ ಮನಸ್ಸು ಸೈಕಲ್ಲಿನ ಹಿಂದೆಯೇ ಹೋಗುತ್ತಿತ್ತು.

ನಿನ್ನೆ ಭಾಲ್ಕಿಗೆ, ಕಸ್ತೂರಿಬಾಯಿಯವರಿಗೆ ಫೋನು ಮಾಡಿದೆ. ಅವರು ನಕ್ಕ ನಗೆಗೆ ಕೆಮ್ಮು ಬಂದು, ನೀರು ಕುಡಿದು ಬಂದು ಹೇಳಿದರು.

"ಏ ಸುಸನ್ನಾ, ನಿನಗ ಅರವು ಮರವು ಆಗ್ಯಾದೇನು? ಅವತ್ತ ಅಪ್ಪ ಸೈಕಲ್ ನಿಂದ್ರಿಸೋದಕ್ಕೂ ಕರೆಂಟ ಹೋಗೋದಕ್ಕೂ ಬರಾಬರಿ ಆತು. ನಾವೆಲ್ಲ ಹೋ ಅಂತ ಒದರಿದೇವಿ. ಆಮ್ಯಾಗ ನಿಮ್ಮ ಅತ್ತಿನೇ ಕಥಿ ನಡಸಿದ್ದಲ್ಲ! ಮರುದಿನ ಅಗಸಿ ಓಣಿಯವರು, ಹುಡುಗಿ ಅಪ್ಪನ ಹಿಂದ ಮನಿಗೆ ಹೋದಳು ಅಂದ್ರ ನಾ ಜಗಳಾನೇ ತಗದೇನಿ. ನಿಮ್ಮ ಟೀವ್ಯಾಗ ಹೋಗಿದ್ದಳು, ನಮ್ಮ ಟೀವ್ಯಾಗ ಹೋಗಿಲ್ಲ ಅಂದೇನಿ!"

ಆಗ ನನಗೆ ಒಂದೊಂದೇ ಬಿಚ್ಚಿಕೊಂಡಿತು. ಭಾಲ್ಕಿಯಲ್ಲಿ ಕರೆಂಟು ಇರುವುದಕ್ಕಿಂತ ಹೋಗುವುದೇ ಹೆಚ್ಚು. ಹೋದರೆ ನಾವು ಯಾರೂ ಏಳುತ್ತಿರಲಿಲ್ಲ. "ಹೋದರ ಹೋಗ್ಲಿ, ರಾಹೇಲಮ್ಮ ಅದಾಳ" ಎಂದು ಕಸ್ತೂರಿಬಾಯಿ ಕತ್ತಲಲ್ಲೇ ನಿಮ್ಮ ಮೊಣಕಾಲು ತಟ್ಟುತ್ತಿದ್ದರು. ಸಂಡೇ ಸ್ಕೂಲಿನ ಮಕ್ಕಳಿಗೆ ಪುಸ್ತಕವಿಲ್ಲದೆ ಕಥೆ ಹೇಳಿ ಹೇಳಿ ಪಳಗಿದವರು ನೀವು. ನಿಂತಲ್ಲಿಂದ ಎತ್ತಿಕೊಂಡು ಮುಂದೆ ನಡೆಸುತ್ತಿದ್ದಿರಿ. ಅಪ್ಪನ ದನಿ ಬೇರೆ, ಮಗಳ ದನಿ ಬೇರೆ. ನಮಗೆ ಕತ್ತಲಲ್ಲಿ ಎಲ್ಲವೂ ಕಾಣಿಸುತ್ತಿತ್ತು. ಅಷ್ಟು ಚೆನ್ನಾಗಿ ಕಾಣಿಸಿತ್ತು ಎಂದೇ, ಟೀವಿಯಲ್ಲಿ ನೋಡಿದ್ದೆಂದು ನಾನು ಇಷ್ಟು ವರ್ಷ ನಂಬಿಕೊಂಡೆ.

ಅತ್ತೆ, ಆ ಮಾತು ನಿಮ್ಮದು. ಅವತ್ತು ಸೆರಗಿನ ಹಿಂದಿದ್ದದ್ದು ಹಲ್ಲುನೋವು ಅಲ್ಲ, ನಗು. ನಿಮ್ಮ ಮಾತು ನನ್ನ ಬಾಯಿಗೆ ಬಂದು, ನಿಮ್ಮ ಹಿರಿಯ ಮಗನಿಗೆ ತಾಗಿ, ತಿರುಗಿ ನಿಮ್ಮ ಒಲೆಯ ಮುಂದೆ ಬಂದು ನಿಂತಿತ್ತು. ನನ್ನದು ಎಂದು ಒಂದು ಮಾತು ಹೇಳಲಿಲ್ಲ ನೀವು. ಬಿಸಿ ರೊಟ್ಟಿ ತಟ್ಟಿ ನನ್ನ ತಾಟಿಗೆ ಹಾಕಿದಿರಿ.

ಇದೆಲ್ಲ ತಿಳಿದ ಮೇಲೆ ಶುಕ್ರವಾರದ ಮಾತಿನ ಮೇಲೆ ನನಗೆ ಗುಮಾನಿ ಬಂದಿದೆ. ಒಮ್ಮೆ ನಿಮ್ಮ ಮಾತನ್ನು ಬೇರೆಯವರದೆಂದು ನಂಬಿ ಮೋಸಹೋದೆ. ಈಗ ಬೇರೆಯವರ ಮಾತನ್ನು ನಿಮ್ಮದೆಂದು ನಂಬಿ ಮೋಸಹೋಗಲಾರೆ. "ಮೊಮ್ಮಗಳಲ್ಲ" ಎಂಬುದು ನಿಮ್ಮ ಬಾಯಿಯ ಮಾತೇ ಅಲ್ಲ ಎಂದು ನನ್ನ ಜೀವ ಹೇಳುತ್ತಿದೆ. ಭಾವನವರು ನಿಮ್ಮನ್ನು ಏನು ಕೇಳಿದರು, ನೀವು ಏನು ಅಂದಿರಿ, ಫೋನಿನಲ್ಲಿ ಏನಾಗಿ ಹೊರಬಿತ್ತು, ಈಗ ಚಾಪೆಯ ಮೇಲೆ ಎಲ್ಲರೆದುರು ಹೇಳಿಬಿಡಿರಿ. ಭಾವನವರೆ, ದನಿ ಮುಗ್ಗರಿಸಬಾರದು.

ಕರ್ತನ ದಿನದ ವಿಷಯವೂ ಹೇಳುತ್ತೇನೆ. ಆ ದಿನವನ್ನು ನಾನು ಹಗುರವಾಗಿ ತಿಳಿದವಳಲ್ಲ. ಜ್ವರವಿದ್ದರೂ ಆರಾಧನೆ ತಪ್ಪಿಸಿಲ್ಲ. ಇಲ್ಲಿಯ ಪಾಸ್ಟರನ್ನು ಹೋಗಿ ಕೇಳಿದ್ದೇನೆ. "ಬೆಳಗಿನ ಪ್ರಾರ್ಥನಾಕ್ಕ ತಂಡ ಸಮೇತ ಕರ್ಕೊಂಡು ಬರ್ರಿ, ಆಶೀರ್ವಾದ ಮಾಡಿ ಕಳಸ್ತೇನಿ" ಎಂದರು. ಆ ತಂಡದಲ್ಲಿ ಲಿಂಗ ಕಟ್ಟಿಕೊಂಡ ಹುಡುಗಿಯರಿದ್ದಾರೆ, ನಮ್ಮ ಓಣಿಯ ಮುಜೀಬೋದ್ದೀನರ ಮಗಳಿದ್ದಾಳೆ. ಬರುತ್ತೇವೆ ಆಂಟಿ ಎಂದಿದ್ದಾರೆ. ಬಂದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂಡುತ್ತಾರಂತೆ.

ಇನ್ನೊಂದು ಮಾತು. ಇಷ್ಟು ವರ್ಷ ದವಾಖಾನೆಯಲ್ಲಿ ಭಾನುವಾರವೂ ಡ್ಯೂಟಿ ಮಾಡಿದ್ದೇನೆ. ಭಾವನವರ ಸೊಸೆಗೆ ಹೆರಿಗೆಯಾದದ್ದೂ ಭಾನುವಾರವೇ. ಆರಾಧನೆಯ ಗಂಟೆ ಹೊಡೆಯುವಾಗ ಕೂಸನ್ನು ಒರೆಸಿ ಅವರ ಕೈಗೆ ಕೊಟ್ಟವಳು ನಾನೇ. ಅವತ್ತು ಯಾರೂ ಕರ್ತನ ದಿನ ಕೆಟ್ಟಿತು ಎನ್ನಲಿಲ್ಲ. ಪೇಡೆ ಹಂಚಿದರು. ನನ್ನ ಕೈ ಭಾನುವಾರ ದುಡಿದರೆ ಸೇವೆ, ನನ್ನ ಮಗಳ ಕಾಲು ಭಾನುವಾರ ಓಡಿದರೆ ಪಾಪವೆ? ಕಾಲನ್ನು ಕೊಟ್ಟವನು ಬೇರೆಯೇನು? ಇದಕ್ಕೆ ಉತ್ತರವಿದ್ದರೆ ಸಭೆಯ ಹಿರಿಯರು ಬೀದರಕ್ಕೆ ಬಂದು ನನ್ನ ಮುಖ ನೋಡಿ ಹೇಳಲಿ. ಚಹಾ ಮಾಡಿ ಕೊಟ್ಟು ಕೇಳುತ್ತೇನೆ, ಒಪ್ಪುವುದಿಲ್ಲ.

ಕ್ಷಮೆ ಕೇಳಲು ಇದನ್ನು ಬರೆದಿಲ್ಲ. ಅಪ್ಪಣೆ ಕೇಳಲೂ ಅಲ್ಲ. ನನಗೆ ಕೊಟ್ಟದ್ದನ್ನು ನನ್ನ ಮಗಳಿಗೂ ಕೊಡಿರಿ ಎಂದು ಹಕ್ಕಿನಿಂದ ಕೇಳುತ್ತಿದ್ದೇನೆ. ನಾನು ಹೇಳಿದರೆ ಆಕೆಗೆ ಅದು ತಾಯಿಯ ಹಟ. ಟೀವಿಯ ಹುಡುಗಿಯಂತೂ ಕೈಕೊಟ್ಟಳು. ಉಳಿದವರು ನೀವೊಬ್ಬರೇ. ಭಾವನವರ ಮೊಬೈಲನ್ನು ನಿಮ್ಮ ಕೈಗೆ ತೆಗೆದುಕೊಳ್ಳಿರಿ. ನಿಮಗೆ ಕೇಳಿಸದಿದ್ದರೆ ಬೇಡ, ಆಕೆಗೆ ಕೇಳಿಸುತ್ತದೆ. ಕತ್ತಲಲ್ಲಿ ಹೇಳಿದ ಆ ಮಾತನ್ನು ನಿಮ್ಮ ದನಿಯಲ್ಲಿ ಒಮ್ಮೆ ಹೇಳಿಬಿಡಿರಿ. ಅಷ್ಟೇ ಸಾಕು.

ನೀವು ಹೇಳದೆ ಹೋದರೂ ಭಾನುವಾರ ನಾನು ಕ್ರೀಡಾಂಗಣಕ್ಕೆ ಹೋಗುವವಳೇ. ಮಗಳು ಬರದಿದ್ದರೆ ಒಬ್ಬಳೇ ಹೋಗಿ, ಅವಳ ತಂಡದ ಹುಡುಗಿಯರಿಗೆ ನೀರು ಕೊಟ್ಟು ಬರುತ್ತೇನೆ. ನಡುವೆ ಬಿಟ್ಟು ಎದ್ದು ಬರುವ ಚಾಳಿ ನನಗಿಲ್ಲ. ಯಾರಿಂದ ಕಲಿತೆ ಎಂದು ಈಗ ಗೊತ್ತಾಗಿದೆ.

ಮುಜೀಬೋದ್ದೀನರು ನಾಳೆ ಔರಾದದ ಅಡತಿ ಅಂಗಡಿಗೆ ಸೋಯಾ ನೋಡಲು ಬರುತ್ತಾರೆ. ಪತ್ರವನ್ನು ನಿಮ್ಮ ಕೈಗೇ ಕೊಡಲು ಹೇಳಿದ್ದೇನೆ. ಜೊತೆಗೆ ಮೊಣಕಾಲಿನ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚಿಕೊಳ್ಳಿರಿ. ನೆಗೆಣ್ಣಿಗೂ ಮಕ್ಕಳಿಗೂ ನನ್ನ ಪ್ರೀತಿ. ಭಾವನವರಿಗೂ, ಇಷ್ಟಾದ ಮೇಲೂ.

ನಿಮ್ಮ ಸೊಸೆ, ಸೋಲದೆ ಬಂದವಳು,
ಸುಸನ್ನಾ

ತಾ.ಕ.: ಕಪಾಟಿನ ಮೇಲಿನ ಬೂಟನ್ನು ಇಂದು ಬೆಳಿಗ್ಗೆ ಇಳಿಸಿ, ತೊಳೆದು, ಬಿಸಿಲಿಗೆ ಇಟ್ಟಿದ್ದೇನೆ. ಜಾಯ್ಸ ಕಾಲೇಜಿನಿಂದ ಬಂದು ನೋಡಿದಳು, ತೆಗೆದು ಮತ್ತೆ ಮೇಲಿಡಲಿಲ್ಲ.

ಪತ್ರ ಮಡಿಸುವಾಗ ಕಸ್ತೂರಿಬಾಯಿಯವರೇ ಫೋನು ಮಾಡಿದರು. ನಿನ್ನೆ ಹೇಳಲು ಮರೆತದ್ದೊಂದು ನೆನಪಾಯಿತಂತೆ. ಅವತ್ತು ಕತ್ತಲಲ್ಲಿ ನೀವು ಆ ಮಾತು ಹೇಳಿ ನಿಲ್ಲಿಸಿದಿರಂತೆ. ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತಿದ್ದ ಒಬ್ಬರು ತಡೆಯಲಾರದೆ, "ಮುಂದ ಏನಾತವ್ವಾ?" ಎಂದರಂತೆ. ಆ ದನಿ ನಿಮ್ಮದು ಭಾವನವರೆ. ಅತ್ತೆ ಉತ್ತರ ಹೇಳುವಷ್ಟರಲ್ಲಿ ಕರೆಂಟು ಬಂತಂತೆ, ಧಾರಾವಾಹಿ ಮುಗಿದು ವಾರ್ತೆ ಶುರುವಾಗಿತ್ತಂತೆ, ಎಲ್ಲರೂ ಎದ್ದರಂತೆ. ಉತ್ತರ ಅಲ್ಲಿಯೇ ಉಳಿಯಿತು.

ಪತ್ರ ಇಲ್ಲಿಗೆ ಮುಗಿಯಿತು. ಇದನ್ನು ಕೆಳಗಿಟ್ಟು, ಅತ್ತೆಯ ಕಡೆ ತಿರುಗಿ, ಅವತ್ತು ಕೇಳಿದ್ದನ್ನು ಇನ್ನೊಮ್ಮೆ ಕೇಳಿರಿ ಭಾವನವರೆ.